ಬೆಳಗ್ಗೆ ಏಳಕ್ಕೆ ಊದಿಸಿದರು, 61 ಬಂತು. ಇದೂ ಕುಡಿದು ಓಡಿಸಿದ ಲೆಕ್ಕವಾ?

ಹೆಡ್‌ಲೈಟು
ತಲೆ ಕೆಟ್ಟು ಕೂತಿದೀನಿ, ಗೊತ್ತಿರೋರು ಹೇಳಿ. ಭಾನುವಾರ ರಾತ್ರಿ ಗೆಳೆಯನ ಮನೇಲಿ ಕೂತಿದ್ವಿ. ಎಂಟಕ್ಕೆ ಶುರುವಾಗಿದ್ದು ಒಂದಕ್ಕೆ ಮುಗೀತು. ಕುಡಿದು ಗಾಡಿ ಮುಟ್ಟಬಾರದು ಅನ್ನೋ ಬುದ್ಧಿ ಇತ್ತು, ಅಲ್ಲೇ ಚಾಪೆ ಹಾಸ್ಕೊಂಡು ಮಲಗಿದೆ. ಬೆಳಗ್ಗೆ ಎದ್ದು ತಣ್ಣೀರಲ್ಲಿ ಸ್ನಾನ, ಎರಡು ಲೋಟ ಕಾಫಿ, ಏಳಕ್ಕೆ ಕಾರು ತೆಗೆದೆ. ತಲೆ ಸ್ವಲ್ಪ ಭಾರ ಇತ್ತು ಅಷ್ಟೇ, ಕೈಕಾಲು ಸರಿಯಾಗೇ ಇತ್ತು. ದಾರೀಲಿ ಬ್ಯಾರಿಕೇಡ್ ಹಾಕಿ ಸ್ಕೂಲ್ ವ್ಯಾನಿನವರನ್ನ ಊದಿಸ್ತಿದ್ರು. ನನ್ನನ್ನೂ ನಿಲ್ಲಿಸಿದ್ರು. ನಗ್ತಾನೇ ಊದಿದೆ. 61 ತೋರಿಸ್ತು. ಮಿಷನ್ ಕೆಟ್ಟಿದೆ ಸರ್ ಅಂದೆ. ಹೊಸ ಪೈಪ್ ಹಾಕಿ ಇನ್ನೊಂದು ಸಲ ಊದಿಸಿದ್ರು, 60. ಕಾರು ಅಲ್ಲೇ ನಿಂತಿತು, ಡಿಎಲ್ ಇಟ್ಕೊಂಡ್ರು, 185 ಅಂತ ಬರೆದ ಚೀಟಿ ಕೈಗೆ ಕೊಟ್ಟು ಕೋರ್ಟಿಗೆ ಹೋಗಿ ಅಂದ್ರು.

ರಾತ್ರಿ ಕುಡಿದಿದ್ದಕ್ಕೆ ಬೆಳಗ್ಗೆ ಹಿಡಿಯೋದು ಯಾವ ನ್ಯಾಯ? ಜವಾಬ್ದಾರಿಯಿಂದ ಅಲ್ಲೇ ಮಲಗಿದವನಿಗೂ ರಾತ್ರಿ ಒಂದಕ್ಕೆ ತೂರಾಡ್ತಾ ಓಡಿಸಿದವನಿಗೂ ಒಂದೇ ಕಲಮಾ?

ಮೂರನೆಯಬೆಂಚು
ಸೂರ್ಯ ಹುಟ್ಟಿದ ತಕ್ಷಣ ಅಮಲು ಇಳಿಯುತ್ತೆ ಅಂತ ಯಾವ ಪುಸ್ತಕದಲ್ಲಿ ಓದಿದ್ರಿ ಗುರುಗಳೇ? ಎಷ್ಟು ಹಾಕಿದ್ರಿ, ಅದನ್ನ ಮೊದಲು ಹೇಳಿ.

ಹೆಡ್‌ಲೈಟು
ಆರು. ಲಾರ್ಜ್. ಐದು ಗಂಟೆ ಹೊತ್ತು ನಿಧಾನಕ್ಕೆ, ಊಟದ ಜೊತೆ.

ಹಳೆಲೆಕ್ಕ
ತೂಕ ಎಷ್ಟಪ್ಪಾ? ಮತ್ತು ಕುಡಿದದ್ದು 40 ಪರ್ಸೆಂಟಿನದೋ?

ಹೆಡ್‌ಲೈಟು
72 ಕೆಜಿ. ಹೌದು ಮೇಷ್ಟ್ರೇ, 40 ಅಂತಲೇ ಬಾಟಲಿ ಮೇಲಿತ್ತು.

ಹಳೆಲೆಕ್ಕ
ಹಾಗಾದರೆ ಕಾಗದ ತೆಗೆದುಕೋ. ಲಾರ್ಜ್ ಎಂದರೆ 60 ಎಂಎಲ್, ಅದರಲ್ಲಿ 40 ಪರ್ಸೆಂಟ್ ಅಂದರೆ 24 ಎಂಎಲ್ ಶುದ್ಧ ಆಲ್ಕೋಹಾಲ್. ಅದು ನೀರಿಗಿಂತ ಹಗುರ, ಎಂಎಲ್‌ಗೆ 0.79 ಗ್ರಾಂ. ಒಂದು ಲಾರ್ಜ್‌ಗೆ ಸುಮಾರು 19 ಗ್ರಾಂ, ಆರಕ್ಕೆ 114.

ಈ 114 ಗ್ರಾಂ ಮೈಯೆಲ್ಲ ಹರಡುವುದಿಲ್ಲ, ನೀರಿನಂಶ ಇರುವ ಕಡೆ ಮಾತ್ರ ಹರಡುತ್ತದೆ. ಸ್ವೀಡನ್ನಿನ ಎರಿಕ್ ವಿಡ್‌ಮಾರ್ಕ್ ಎಂಬ ವಿಜ್ಞಾನಿ 1930ರ ದಶಕದಲ್ಲೇ ಇದಕ್ಕೊಂದು ಸೂತ್ರ ಹಾಕಿಕೊಟ್ಟಿದ್ದಾನೆ. ಗಂಡಸರಿಗೆ ತೂಕದ ಸುಮಾರು 0.68 ಪಾಲು. ನಿನ್ನ 72ಕ್ಕೆ ಅದು 49 ಕೆಜಿ. 114ನ್ನು 49ರಿಂದ ಭಾಗಿಸಿದರೆ ಕೆಜಿಗೆ 2.33 ಗ್ರಾಂ, ಅಂದರೆ ನೂರು ಗ್ರಾಂ ರಕ್ತದಲ್ಲಿ ಹತ್ತಿರಹತ್ತಿರ 233 ಮಿಲಿಗ್ರಾಂ.

ಇನ್ನು ಕಳೆಯುವ ಲೆಕ್ಕ. ಲಿವರ್ರು ಗಂಟೆಗೆ ಸುಮಾರು 15 ಮಿಲಿಗ್ರಾಂ ಇಳಿಸುತ್ತದೆ. ನೀನು ಎಚ್ಚರವಿದ್ದರೂ ಅಷ್ಟೆ, ಗೊರಕೆ ಹೊಡೆದರೂ ಅಷ್ಟೆ. ರಾತ್ರಿ ಎಂಟರಿಂದ ಬೆಳಗ್ಗೆ ಏಳಕ್ಕೆ 11 ಗಂಟೆ, 165 ಹೋಯಿತು. ಉಳಿದದ್ದು 68. ಯಂತ್ರ 61 ತೋರಿಸಿದೆ. ಕೆಟ್ಟಿಲ್ಲ, ನಿನಗೆ ಏಳು ಮಾರ್ಕು ರಿಯಾಯಿತಿಯನ್ನೇ ಕೊಟ್ಟಿದೆ.

ಕಾನೂನಿನ ಮಿತಿಯಾದ 30ಕ್ಕೆ ಇಳಿಯಬೇಕಾದರೆ ಒಂಬತ್ತೂವರೆ ಆಗಬೇಕಿತ್ತು. ಸೊನ್ನೆಗೆ ಹನ್ನೊಂದೂವರೆ.

ಮೂರನೆಯಬೆಂಚು
ಮೇಷ್ಟ್ರು ಪರೀಕ್ಷೆಗೆ ಬರೋ ಪ್ರಶ್ನೇನೇ ಬಿಡಿಸಿಬಿಟ್ರು. ಇನ್ಮೇಲೆ ನಾವು ಲೆಕ್ಕ ಹಾಕ್ಕೊಂಡೇ ಕುಡೀಬಹುದು.

ಗಾಜಿನನಳಿಕೆ
ದಯವಿಟ್ಟು ಅದೊಂದು ಮಾಡಬೇಡಿ. ಮೇಷ್ಟ್ರ ಲೆಕ್ಕ ಸರಿ, ಆದರೆ ಆ 15 ಅನ್ನೋದು ಸರಾಸರಿ. ಕೆಲವರ ಲಿವರ್ ಗಂಟೆಗೆ 10 ಇಳಿಸುತ್ತೆ, ಕೆಲವರದು 20. ಇದೇ ಆರು ಲಾರ್ಜ್, ಇದೇ 72 ಕೆಜಿ ಇಟ್ಕೊಂಡು 10ರ ದರದಲ್ಲಿ ನೋಡಿ, ಬೆಳಗ್ಗೆ ಏಳಕ್ಕೆ 123 ಇರುತ್ತೆ. 20ರ ದರದಲ್ಲಿ 13. ನಿಮ್ಮದು ಯಾವುದು ಅಂತ ಕನ್ನಡಿ ನೋಡಿ ಗೊತ್ತಾಗಲ್ಲ. ಆಗಿಹೋದದ್ದನ್ನ ಅರ್ಥ ಮಾಡಿಕೊಳ್ಳೋಕೆ ಈ ಸೂತ್ರ ಸಾಕು, ಕೀ ತಿರುಗಿಸಬಹುದಾ ಅಂತ ನಿರ್ಧರಿಸೋಕೆ ಸಾಲದು.

ಹೆಂಗಸರಿಗೆ ಇನ್ನೂ ಕಷ್ಟ. ಮೈಯಲ್ಲಿ ನೀರಿನ ಪಾಲು ಕಡಿಮೆ ಇರೋದ್ರಿಂದ 0.68ರ ಬದಲು 0.55 ಹಾಕಬೇಕು. 55 ಕೆಜಿಯವರು ಎರಡು ಲಾರ್ಜ್ ಕುಡಿದ್ರೆ 125ರ ಆಸುಪಾಸು ಹೋಗುತ್ತೆ. "ಅವನಿಗಿಂತ ಅರ್ಧಾನೇ ಕುಡಿದೆ" ಅನ್ನೋ ಮಾತು ಲ್ಯಾಬಿನಲ್ಲಿ ನಡೆಯಲ್ಲ.

ನಾನು ರಕ್ತದ ಸ್ಯಾಂಪಲ್ ಪರೀಕ್ಷೆ ಮಾಡೋ ಕಡೆ ಇದ್ದವಳು, ಅದಕ್ಕೇ ಇನ್ನೊಂದು ಮಾತು. ಕಾಫಿ, ತಣ್ಣೀರು, ಮಜ್ಜಿಗೆ, ವಾಂತಿ ಇವುಗಳಿಂದ ರಕ್ತದೊಳಗೆ ಸೇರಿದ ಆಲ್ಕೋಹಾಲ್ ಒಂದು ಮಿಲಿಗ್ರಾಮೂ ಬೇಗ ಇಳಿಯಲ್ಲ. ಕಾಫಿ ಕುಡಿದ್ರೆ ಆಗೋದು ಇಷ್ಟೇ: ತೂಕಡಿಸ್ತಿದ್ದ ಕುಡುಕ ಕಣ್ಣುಬಿಟ್ಟ ಕುಡುಕ ಆಗ್ತಾನೆ.

ಹೆಡ್‌ಲೈಟು
ಅಕ್ಕ, ಹಾಗಾದ್ರೆ ಮಿಷನ್ ಬಗ್ಗೆ ವಾದ ಮಾಡೋಕೆ ಏನೂ ಇಲ್ವಾ? ಉಸಿರಲ್ಲಿ ಊದಿದ್ರೆ ರಕ್ತದಲ್ಲಿರೋದು ಹೇಗೆ ಗೊತ್ತಾಗುತ್ತೆ? ನನ್ನ ರಕ್ತ ಯಾರೂ ತೆಗೀಲಿಲ್ಲ.

ಗಾಜಿನನಳಿಕೆ
ಶ್ವಾಸಕೋಶದ ತಳದಲ್ಲಿ ರಕ್ತಕ್ಕೂ ಗಾಳಿಗೂ ನಡುವೆ ಇರೋದು ತೆಳ್ಳನೆ ಪೊರೆ. ರಕ್ತದಲ್ಲಿರೋ ಆಲ್ಕೋಹಾಲ್ ಅಲ್ಲಿ ಗಾಳಿಗೆ ಬರುತ್ತೆ. ಎಷ್ಟು ಬರುತ್ತೆ ಅನ್ನೋದಕ್ಕೆ ಒಂದು ಅನುಪಾತ ಇಟ್ಕೊಂಡಿದಾರೆ, ಬಹಳ ದೇಶಗಳಲ್ಲಿ 2100ಕ್ಕೆ 1. ಅಂದ್ರೆ 2100 ಎಂಎಲ್ ಉಸಿರಲ್ಲಿ ಇರೋಷ್ಟು ಆಲ್ಕೋಹಾಲ್ 1 ಎಂಎಲ್ ರಕ್ತದಲ್ಲಿ ಇರುತ್ತೆ. ಬ್ರಿಟನ್ನಿನವರು 2300 ಹಿಡೀತಾರೆ. "ಜೋರಾಗಿ, ಉದ್ದಕ್ಕೆ ಊದಿ, ನಿಲ್ಲಿಸಬೇಡಿ" ಅಂತ ಪೊಲೀಸರು ಕೂಗೋದು ಇದಕ್ಕೇ. ಬಾಯೊಳಗಿನ ಗಾಳಿ ಬೇಡ, ತಳದ ಗಾಳಿ ಬೇಕು.

ರಸ್ತೇಲಿ ಹಿಡಿಯೋ ಈಗಿನ ಯಂತ್ರಗಳಲ್ಲಿ ಹೆಚ್ಚಿನವು ಫ್ಯುಯೆಲ್ ಸೆಲ್‌ನವು. ಒಳಗೆ ಪ್ಲಾಟಿನಂ ಪಟ್ಟಿ ಇರುತ್ತೆ, ಆಲ್ಕೋಹಾಲ್ ಅದರ ಮೇಲೆ ಅಸಿಟಿಕ್ ಆಮ್ಲ ಆಗುವಾಗ ಸಣ್ಣ ಕರೆಂಟು ಹುಟ್ಟುತ್ತೆ. ಕರೆಂಟು ಎಷ್ಟೋ ಅಂಕಿ ಅಷ್ಟು. ಹಳೇ ಕಾಲದವರು ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣಕ್ಕೆ ಊದಿಸ್ತಿದ್ರು, ಕಿತ್ತಳೆ ಬಣ್ಣ ಹಸಿರಿಗೆ ತಿರುಗೋದು. ಅಮೆರಿಕದ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ಮಾಡಿದ ಬ್ರೆತ್‌ಅಲೈಸರ್ ಕೆಲಸ ಮಾಡಿದ್ದೂ ಆ ಬಣ್ಣದ ಲೆಕ್ಕದಲ್ಲೇ.

ಇದು ತಪ್ಪೋದು ಯಾವಾಗ? ಆಗತಾನೇ ಒಂದು ಗುಟುಕು ಹಾಕಿದ್ರೆ, ಆಲ್ಕೋಹಾಲ್ ಇರೋ ಮೌತ್‌ವಾಶ್‌ನಲ್ಲಿ ಬಾಯಿ ಮುಕ್ಕಳಿಸಿದ್ರೆ ಅಥವಾ ತೇಗು ಬಂದ್ರೆ, ಬಾಯಲ್ಲಿರೋದೇ ಅಂಕಿ ಏರಿಸುತ್ತೆ. ಅದಕ್ಕೆ ಹದಿನೈದು ನಿಮಿಷ ಕಾಯಬೇಕು, ಎರಡು ಸಲ ಊದಿಸಬೇಕು. ನಿಮ್ಮದು 61, ಆಮೇಲೆ 60. ಬಾಯಿಯದಾಗಿದ್ರೆ ಎರಡನೇದು ಇನ್ನೂ ಕುಸೀಬೇಕಿತ್ತು. ಬೇಕಿದ್ರೆ ಆ ಯಂತ್ರದ ಕ್ಯಾಲಿಬ್ರೇಶನ್ ಪತ್ರ, ಅಂದ್ರೆ ಅದು ಸರಿಯಾಗಿ ಅಳೆಯುತ್ತೆ ಅಂತ ಪರೀಕ್ಷಿಸಿ ಕೊಟ್ಟ ಪತ್ರ ಕೇಳಿ, ಅದು ನಿಮ್ಮ ಹಕ್ಕು. ಆದರೆ 31 ಬಂದವನಿಗೆ ಅದು ಆಸರೆ. 61 ಬಂದವನಿಗೆ ಅಷ್ಟಕ್ಕಷ್ಟೇ.

ನೇರನುಡಿ
ಕುಡಿಯದೇ ಇದ್ರೂ ಹೊಟ್ಟೇಲೇ ಮದ್ಯ ತಯಾರಾಗೋ ಕಾಯಿಲೆ ಇದೆಯಂತಲ್ಲ, ಅದನ್ನ ಹೇಳಿದ್ರೆ?

ಗಾಜಿನನಳಿಕೆ
ಇದೆ. ಕರುಳಲ್ಲಿರೋ ಯೀಸ್ಟ್ ಊಟದ ಸಕ್ಕರೆಯನ್ನೇ ಹುದುಗಿಸುತ್ತೆ. 2024ರ ಏಪ್ರಿಲ್‌ನಲ್ಲಿ ಬೆಲ್ಜಿಯಂನ ಬ್ರೂಜ್‌ನಲ್ಲಿ ಒಬ್ಬರು ಇದೇ ಕಾರಣಕ್ಕೆ ಖುಲಾಸೆ ಆದ್ರು. ಅವರಿಗಿದ್ದದ್ದು ವೈದ್ಯರು ಪರೀಕ್ಷಿಸಿ ಖಚಿತಪಡಿಸಿದ ಕಾಯಿಲೆ. ಹೆಡ್‌ಲೈಟು ಅವರಿಗೆ ಇರೋದು ಆರು ಲಾರ್ಜ್.

ಕರಿಕೋಟು
ತಡವಾಗಿ ನೋಡಿದೆ. ವಕೀಲನಾಗಿ ಹೇಳೋದಾದರೆ, ನಿಮ್ಮ ಮೊದಲ ಪ್ರಶ್ನೆಯಲ್ಲೇ ಎಡವಿದ್ದೀರಿ. 'ಕುಡಿದು ಓಡಿಸಿದ' ಅನ್ನೋದು ಆಡುಮಾತು. ಮೋಟಾರು ವಾಹನ ಕಾಯ್ದೆ 1988ರ 185ನೇ ಕಲಂ ಕೇಳೋದು ಯಾವಾಗ ಕುಡಿದಿರಿ ಅಂತ ಅಲ್ಲ. ಗಾಡಿ ಓಡಿಸುವಾಗ ಅಥವಾ ಓಡಿಸಲು ಯತ್ನಿಸುವಾಗ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇತ್ತೋ ಇಲ್ಲವೋ, ಅಷ್ಟೆ. ತೂರಾಡಿದಿರಾ, ನೆಟ್ಟಗೆ ನಿಂತಿದ್ದಿರಾ, ನಿದ್ದೆ ಮಾಡಿದ್ದಿರಾ, ಇದ್ಯಾವುದೂ ಆ ಕಲಮಿನೊಳಗೆ ಇಲ್ಲ. ಉಸಿರಿನ ಪರೀಕ್ಷೆ ಸಾಕು ಅಂತ ಕಲಮೇ ಹೇಳುತ್ತೆ, ಹಾಗಾಗಿ ರಕ್ತ ತೆಗೆಯಲಿಲ್ಲ ಅನ್ನೋ ವಾದ ನಿಲ್ಲಲ್ಲ.

ಶಿಕ್ಷೆ: ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 15,000, ಇಲ್ಲವೇ ಎರಡೂ. 2019ರ ಸೆಪ್ಟೆಂಬರ್ 1ಕ್ಕೆ ಮುಂಚೆ ಮೊದಲ ಸಲದ ದಂಡ ಹೆಚ್ಚೆಂದರೆ 2,000 ಇತ್ತು. ಜನ ಮಾತಾಡೋದು ಈ ದುಡ್ಡಿನ ಬಗ್ಗೆ ಮಾತ್ರ. ಅಸಲಿ ಪೆಟ್ಟು 20ನೇ ಕಲಮಿನಲ್ಲಿದೆ. 185ರಲ್ಲಿ ತಪ್ಪಿತಸ್ಥ ಅಂತಾದರೆ ಕೋರ್ಟು ಲೈಸೆನ್ಸಿಗೆ ಅನರ್ಹಗೊಳಿಸಬೇಕು, ಕನಿಷ್ಠ ಆರು ತಿಂಗಳು.

ಹೆಲ್ಮೆಟ್ಟಿನ ಕೇಸಿನ ಹಾಗೆ ಅಲ್ಲೇ ದುಡ್ಡು ಕಟ್ಟಿ ರಸೀದಿ ತಗೊಂಡು ಹೋಗೋ ಬಾಬತ್ತೂ ಅಲ್ಲ ಇದು. ಸ್ಥಳದಲ್ಲೇ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳ ಪಟ್ಟಿಯಲ್ಲಿ 185 ಇಲ್ಲ. ಕೋರ್ಟಿಗೇ ಹೋಗಬೇಕು.

ಮೂರನೆಯಬೆಂಚು
ಊದಲ್ಲ ಅಂತ ಹಟ ಹಿಡಿದಿದ್ರೆ ತಪ್ಪಿಸ್ಕೋಬಹುದಿತ್ತಲ್ವಾ? ನಮ್ಮ ಹುಡುಗ್ರು ಇದೇ ಸಲಹೆ ಕೊಡ್ತಿರ್ತಾರೆ.

ಕರಿಕೋಟು
ಅವರ ಮಾತು ಕೇಳಿದರೆ ಕೆಟ್ಟಿರಿ. ವಾರಂಟ್ ಇಲ್ಲದೆ ಬಂಧಿಸಲು ಕಾಯ್ದೆಯಲ್ಲೇ ಅವಕಾಶ ಇದೆ. ಹಾಗೆ ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸಬೇಕು, ಇಲ್ಲದಿದ್ದರೆ ಬಿಡಬೇಕು. ಇದು ನಿಮ್ಮ ರಕ್ಷಣೆಗೆ ಇರೋದು. ಆದರೆ ಸಕಾರಣವಿಲ್ಲದೆ ನೀವೇ ಒಲ್ಲೆ ಅಂದರೆ, ಆ ಒಲ್ಲೆ ಅನ್ನೋದನ್ನೇ ನಿಮ್ಮ ವಿರುದ್ಧದ ಸಾಕ್ಷ್ಯಕ್ಕೆ ಬಲ ಕೊಡೋ ಸಂಗತಿ ಅಂತ ಕೋರ್ಟು ಹಿಡಿಯಬಹುದು, 205ನೇ ಕಲಂ. ಬ್ರಿಟನ್ನಿನಲ್ಲಿ ಇನ್ನೂ ನೇರ: ಠಾಣೆಯಲ್ಲಿ ಸ್ಯಾಂಪಲ್ ಕೊಡದಿದ್ದರೆ ಅದೇ ಒಂದು ಅಪರಾಧ, ಕುಡಿದು ಓಡಿಸಿದಷ್ಟೇ ಶಿಕ್ಷೆ. ಅಮೆರಿಕದ ಸುಪ್ರೀಂ ಕೋರ್ಟು 2016ರಲ್ಲಿ ಒಂದು ಸೂಕ್ಷ್ಮ ಗೆರೆ ಎಳೆಯಿತು. ಕುಡಿದು ಓಡಿಸಿದ್ದಕ್ಕೆ ಬಂಧಿಸಿದ ಮೇಲೆ ಉಸಿರಿನ ಪರೀಕ್ಷೆಗೆ ವಾರಂಟ್ ಬೇಡ, ಚರ್ಮ ಚುಚ್ಚಿ ರಕ್ತ ತೆಗೆಯೋಕೆ ಬೇಕು. ನನಗೆ ಆ ತೀರ್ಪು ಇಷ್ಟ. ಇಲ್ಲಿ ಅದರ ಉಪಯೋಗ ಇಲ್ಲ, ಇರಲಿ.

ದೂರದಊರು
ಹೆಡ್‌ಲೈಟು, ನಿಮ್ಮ 61 ಹಿಡ್ಕೊಂಡು ಲೋಕ ಸುತ್ತಿದ್ರೆ ಮಜಾ ಇದೆ. ಇಂಗ್ಲೆಂಡಲ್ಲಿ ಮಿತಿ 80, ಕೈಬೀಸಿ ಕಳಿಸ್ತಿದ್ರು. ಅಲ್ಲಿಂದ ಉತ್ತರಕ್ಕೆ ಸ್ಕಾಟ್ಲೆಂಡಿನ ಗಡಿ ದಾಟಿದ್ರೆ ಅದೇ ರಸ್ತೆ, ಅದೇ ಕಾರು, ಆದ್ರೆ ಅಪರಾಧಿ. 2014ರ ಡಿಸೆಂಬರ್‌ನಿಂದ ಅಲ್ಲಿ 50. ಅಮೆರಿಕದಲ್ಲಿ 80, ಯೂಟಾ ರಾಜ್ಯದಲ್ಲಿ ಮಾತ್ರ 2018ರ ಕೊನೆಯಿಂದ 50. ಜರ್ಮನಿ 50, ಹೊಸ ಚಾಲಕರಿಗೆ ಸೊನ್ನೆ. ಸ್ವೀಡನ್ 20. ಹಂಗೇರಿ, ಚೆಕ್ ದೇಶದಲ್ಲಿ ಎಲ್ಲರಿಗೂ ಸೊನ್ನೆ. ರಕ್ತ ಒಂದೇ, ನೀವು ಯಾರು ಅನ್ನೋದನ್ನ ಗಡಿಕಲ್ಲು ನಿರ್ಧರಿಸುತ್ತೆ.

ಜಪಾನಿನ ಕಥೆ ಕೇಳಿ. 2006ರಲ್ಲಿ ಫುಕುವೊಕಾದಲ್ಲಿ ಕುಡಿದವನೊಬ್ಬ ಗುದ್ದಿದ ಕಾರು ಸೇತುವೆಯಿಂದ ಸಮುದ್ರಕ್ಕೆ ಬಿದ್ದು ಮೂರು ಪುಟ್ಟ ಮಕ್ಕಳು ಸತ್ತವು. ಮರುವರ್ಷ ಕಾನೂನು ಬಿಗಿಯಾಯ್ತು. ಓಡಿಸಿದವನಿಗೆ ಐದು ವರ್ಷದವರೆಗೆ ಜೈಲು. ಅಷ್ಟೇ ಅಲ್ಲ, ಓಡಿಸ್ತಾನೆ ಅಂತ ಗೊತ್ತಿದ್ದೂ ಗಾಡಿ ಕೊಟ್ಟವನಿಗೆ, ಕುಡಿಯೋಕೆ ಕೊಟ್ಟವನಿಗೆ, ಕುಡಿದಿದಾನೆ ಅಂತ ಗೊತ್ತಿದ್ದೂ ತನ್ನನ್ನ ಕರ್ಕೊಂಡು ಹೋಗು ಅಂತ ಪಕ್ಕ ಕೂತವನಿಗೂ ಶಿಕ್ಷೆ. 2024ರ ನವೆಂಬರ್‌ನಿಂದ ಸೈಕಲ್ ತುಳಿಯೋರಿಗೂ ಈ ಉಸಿರಿನ ಮಿತಿ ಬಂದಿದೆ.

ಹೆಡ್‌ಲೈಟು
ಸುರಿದುಕೊಟ್ಟ ಗೆಳೆಯನಿಗೂ ಕೇಸಾ? ಇದನ್ನ ಅವನಿಗೆ ಕಳಿಸ್ತೀನಿ ತಡೀರಿ.

ನೇರನುಡಿ
ನಮ್ಮಲ್ಲೂ ಹಾಗೇ ಮಾಡಬೇಕು. ಹತ್ತು ಸಾವಿರ ಏನು ದಂಡ ರೀ? ಮೊದಲ ಸಲಕ್ಕೇ ಜೈಲು, ಗಾಡಿ ಜಪ್ತಿ. ಆಗ ನೋಡಿ ಹೇಗೆ ಸುಮ್ಮನಾಗ್ತಾರೆ.

ದೂರದಊರು
ಜಪ್ತಿ ಮಾಡೋರಿದಾರೆ. ಇಟಲಿಯಲ್ಲಿ ಲೀಟರಿಗೆ 1.5 ಗ್ರಾಂ ದಾಟಿದ್ರೆ, ಅಂದ್ರೆ ನಮ್ಮ ಲೆಕ್ಕದಲ್ಲಿ 150, ಗಾಡಿ ಸ್ವಂತದ್ದಾಗಿದ್ರೆ ಸರ್ಕಾರಕ್ಕೆ ಹೋಗುತ್ತೆ. ಡೆನ್ಮಾರ್ಕ್ 2021ರಿಂದ 200 ದಾಟಿದವರ ಕಾರು ಕಸೀತಾ ಇದೆ, ಅದು ಬೇರೆಯವರ ಕಾರಾಗಿದ್ರೂ ಬಿಡಲ್ಲ. ಲಾಟ್ವಿಯಾದಲ್ಲಿ ಹೀಗೆ ಕಸಿದ ಕಾರುಗಳು ಅಂಗಳ ತುಂಬಿ, 2023ರಲ್ಲಿ ಅವನ್ನ ಉಕ್ರೇನಿಗೆ ಕಳಿಸೋಕೆ ಶುರು ಮಾಡಿದ್ರು.

ಅಂಗಳ ತುಂಬ್ತು ಅನ್ನೋದನ್ನ ಗಮನಿಸಿ. ಶಿಕ್ಷೆಗೆ ಹೆದರಿದ್ರೆ ಅಂಗಳ ಖಾಲಿ ಇರಬೇಕಿತ್ತು.

ನೇರನುಡಿ
ಹೊಸದರಲ್ಲಿ ಹಾಗೇ. ಕ್ರಮೇಣ ಹೆದರ್ತಾರೆ.

ದೂರದಊರು
ಚೀನಾ ನೋಡಿ ಹಾಗಾದ್ರೆ. 2011ರಲ್ಲಿ 80 ದಾಟಿದ್ರೆ ನೇರ ಕ್ರಿಮಿನಲ್ ಅಪರಾಧ ಅಂತ ಮಾಡಿದ್ರು, ಒಂದರಿಂದ ಆರು ತಿಂಗಳ ಸೆರೆ. ಕ್ರಿಮಿನಲ್ ದಾಖಲೆ ಬಿದ್ರೆ ಸರ್ಕಾರಿ ನೌಕರಿಗೂ ಕಲ್ಲು. ಎಂಟು ವರ್ಷ ಆದ ಮೇಲೆ, 2019ರಲ್ಲಿ, ಅಲ್ಲಿನ ಕೋರ್ಟುಗಳಲ್ಲಿ ಅಪಾಯಕಾರಿ ಚಾಲನೆಯ ಕೇಸುಗಳು ಕಳ್ಳತನದ ಕೇಸುಗಳನ್ನೂ ಹಿಂದೆ ಹಾಕಿದ್ವು. ಅದರಲ್ಲಿ ಬಹುಪಾಲು ಕುಡಿದು ಓಡಿಸಿದ್ದು. ಕೊನೆಗೆ 2023ರ ಡಿಸೆಂಬರ್‌ನಲ್ಲಿ ಅವರೇ, ಬೇರೆ ತಕರಾರಿಲ್ಲದಿದ್ರೆ 150ರ ಒಳಗಿನವರನ್ನ ಅಪರಾಧಿ ಅಂತ ಹಿಡಿಯದೇ ಇರಬಹುದು ಅಂತ ಸಡಿಲ ಮಾಡಿದ್ರು.

ಹತ್ತುಗಾಲಿ
ನಾನು ಲಾರಿ ಓಡ್ಸೋನು. ಇಪ್ಪತ್ತೆರಡು ವರ್ಷ ಆಯ್ತು. ಓದಿದ್ದು ಕಮ್ಮಿ, ಕಂಡಿದ್ದು ಹೇಳ್ತೀನಿ.

ನಾವು ದಿನಾ ಹೋಗೋ ಒಂದು ರೋಡಲ್ಲಿ ಒಂದ್ಸಲ ಇದ್ದಕ್ಕಿದ್ದಂಗೆ ದಿನಾ ರಾತ್ರಿ ಊದ್ಸಕ್ಕೆ ಶುರು ಮಾಡಿದ್ರು. ಆ ವಾರ ಒಬ್ಬನೂ ಬಾಟ್ಲಿ ಮುಟ್ಲಿಲ್ಲ. ಢಾಬಾದೋನು ನಮ್ಮನ್ನ ನೋಡಿ ಬೈಕೊಂಡ. ಎರಡನೇ ವಾರ ಎರಡು ದಿನ ನಿಂತಿದ್ರು. ಮೂರನೇ ವಾರ ಯಾರೂ ಇಲ್ಲ. ನಾಕನೇ ವಾರಕ್ಕೆ ಎಲ್ಲಾ ಮೊದಲಿನಂಗೇ. ಈ ನಾಕು ವಾರದಲ್ಲಿ ದಂಡ ಒಂದ್ರೂಪಾಯಿ ಹೆಚ್ಚೂ ಆಗಿರ್ಲಿಲ್ಲ, ಕಮ್ಮೀನೂ ಆಗಿರ್ಲಿಲ್ಲ ಸ್ವಾಮಿ. ಸಿಕ್ಕಾಕೊಳ್ತೀವಾ ಇಲ್ವಾ, ಡ್ರೈವರ್ ತಲೇಲಿ ಇರೋದು ಇದೊಂದೇ ಲೆಕ್ಕ.

ಹಳೆಲೆಕ್ಕ
ಹತ್ತುಗಾಲಿಯವರೇ, ನೀವು ನಾಲ್ಕು ವಾರದಲ್ಲಿ ಕಂಡದ್ದನ್ನೇ ಒಬ್ಬ ಸಮಾಜಶಾಸ್ತ್ರಜ್ಞ ಒಂದು ಇಡೀ ದೇಶದಲ್ಲಿ ಕಂಡ. 1967ರ ಅಕ್ಟೋಬರಿನಲ್ಲಿ ಬ್ರಿಟನ್ನಿನಲ್ಲಿ 80 ಮಿಲಿಗ್ರಾಂ ಮಿತಿಯೂ ಊದಿಸುವ ಅಧಿಕಾರವೂ ಜಾರಿಗೆ ಬಂದವು. ಸಾರಿಗೆ ಮಂತ್ರಿ ಬಾರ್ಬರಾ ಕ್ಯಾಸಲ್ ಅದಕ್ಕೆ ಬೈಸಿಕೊಂಡದ್ದು ಅಷ್ಟಿಷ್ಟಲ್ಲ. ಜಾರಿಯಾದ ಕೂಡಲೇ ರಸ್ತೆ ಸಾವುಗಳು ಧಡಕ್ಕನೆ ಇಳಿದವು. ಕೆಲವು ವರ್ಷಗಳಲ್ಲಿ ಮೆಲ್ಲಗೆ ಮೊದಲಿನ ಕಡೆಗೇ ಏರತೊಡಗಿದವು. ಅಮೆರಿಕದ ಎಚ್. ಲಾರೆನ್ಸ್ ರಾಸ್ 1973ರಲ್ಲಿ ಇದರ ಅಂಕಿಗಳನ್ನು ಬಿಡಿಸಿ ನೋಡಿ ಹೇಳಿದ್ದು ಇದನ್ನೇ: ಹೊಸ ಕಾನೂನು ಬಂತೆಂದಾಗ ಎಲ್ಲರೂ ತಾವು ಸಿಕ್ಕಿಬೀಳುತ್ತೇವೆ ಎಂದುಕೊಂಡರು, ಪೊಲೀಸರು ಅಪರೂಪಕ್ಕೆ ಊದಿಸುತ್ತಾರೆಂಬುದು ಅನುಭವಕ್ಕೆ ಬಂದ ಮೇಲೆ ಹೆದರಿಕೆ ಕರಗಿತು.

ಇದಕ್ಕೆ ಎದುರು ಉದಾಹರಣೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್. 1982ರ ಡಿಸೆಂಬರಿನಿಂದ ಅಲ್ಲಿ ಅನುಮಾನ ಇರಲಿ ಬಿಡಲಿ, ಯಾರನ್ನು ಬೇಕಾದರೂ ನಿಲ್ಲಿಸಿ ಊದಿಸಬಹುದು. ನಿಲ್ಲಿಸುತ್ತಲೂ ಇದ್ದಾರೆ, ವರ್ಷಗಟ್ಟಲೆ, ಬಿಡದೆ. ಇಳಿದ ಸಾವು ಅಲ್ಲಿ ಮತ್ತೆ ಏರಲಿಲ್ಲ.

ನೇರನುಡಿ
ಅಂದ್ರೆ ಶಿಕ್ಷೆ ಇರಲೇಬಾರದು ಅಂತೀರಾ ಮೇಷ್ಟ್ರೇ?

ಹಳೆಲೆಕ್ಕ
ಹಾಗೆಂದು ಎಲ್ಲಿ ಹೇಳಿದೆ? ಸೊನ್ನೆಯಿಂದ ಗುಣಿಸಿದರೆ ಎಷ್ಟು ದೊಡ್ಡ ಸಂಖ್ಯೆಯೂ ಸೊನ್ನೆಯೇ. ಸಿಕ್ಕಿಬೀಳುವ ಸಾಧ್ಯತೆ ಸೊನ್ನೆ ಆಗಿದ್ದರೆ ಹತ್ತು ಸಾವಿರವೂ ಅಷ್ಟೆ, ಹತ್ತು ಲಕ್ಷವೂ ಅಷ್ಟೆ.

ಹತ್ತುಗಾಲಿ
ದಂಡದ ಬಗ್ಗೇನೂ ಒಂದ್ಮಾತು. ಹತ್ತು ಸಾವಿರ ಏನ್ ಮಹಾ ಅಂದ್ರಲ್ಲ ನೇರನುಡಿ ಸಾರ್. ದೊಡ್ಡ ಕಾರಲ್ಲಿ ಬರೋನಿಗೆ ಅದು ಒಂದು ರಾತ್ರಿ ಬಿಲ್ಲು. ನಮ್ಮ ಕ್ಲೀನರ್ ಹುಡುಗನಿಗೆ ಒಂದು ತಿಂಗಳ ಮನೆ. ಆರು ತಿಂಗಳು ಡಿಎಲ್ ಹೋದ್ರೆ ಕಾರಿನೋನು ಡ್ರೈವರ್ ಇಟ್ಕೊಂತಾನೆ. ಆ ಡ್ರೈವರ್ ಡಿಎಲ್ಲೇ ಹೋದ್ರೆ ಒಲೆ ಆರಿತು. ಬಿಟ್ಟುಬಿಡಿ ಅಂತ ನಾ ಹೇಳ್ತಿಲ್ಲ, ನಮ್ಮೋರು ಕುಡಿದು ಓಡ್ಸಿ ಕೊಂದಿರೋದನ್ನೂ ಕಂಡಿದೀನಿ. ಆದ್ರೆ ಒಂದೇ ಪೆಟ್ಟು ಎಲ್ರಿಗೂ ಒಂದೇ ಥರ ಬೀಳಲ್ಲ.

ದೂರದಊರು
ಇದಕ್ಕೆ ಫಿನ್ಲೆಂಡಿನವರು ದಾರಿ ಹುಡುಕಿದಾರೆ ಅಣ್ಣ. ಅಲ್ಲಿ ದಂಡವನ್ನ ರೊಕ್ಕದಲ್ಲಿ ಹೇಳಲ್ಲ, ದಿನಗಳಲ್ಲಿ ಹೇಳ್ತಾರೆ. ಇಷ್ಟು ದಿನದ ದಂಡ ಅಂತ ಕೋರ್ಟು ಹೇಳುತ್ತೆ, ಒಂದು ದಿನದ ಬೆಲೆ ಎಷ್ಟು ಅನ್ನೋದು ಅವನವನ ಆದಾಯದ ಮೇಲೆ. ಕೂಲಿಯವನಿಗೂ ಕಂಪನಿ ಮಾಲೀಕನಿಗೂ ದಿನ ಅಷ್ಟೇ, ಮೊತ್ತ ಬೇರೆ.

ಇನ್ನೊಂದು ಇಗ್ನಿಷನ್ ಇಂಟರ್‌ಲಾಕ್. ಊದದೇ ಗಾಡಿ ಸ್ಟಾರ್ಟೇ ಆಗಲ್ಲ. ದಾರಿ ಮಧ್ಯೆಯೂ ಮತ್ತೆ ಊದು ಅಂತ ಕೇಳುತ್ತೆ, ಬೇರೆಯವರ ಕೈಲಿ ಊದಿಸಿ ಹೊರಟುಬಿಡ್ತಾರಲ್ಲ, ಅದಕ್ಕೆ. ಸ್ವೀಡನ್ನು, ಅಮೆರಿಕದ ರಾಜ್ಯಗಳಲ್ಲಿ ಲೈಸೆನ್ಸ್ ಕಿತ್ಕೊಳ್ಳೋ ಬದಲು ಇದನ್ನ ಹಾಕಿಸ್ಕೊಂಡು ಓಡಿಸೋಕೆ ಬಿಡೋದುಂಟು. ಕೆಲಸವೂ ಉಳಿಯುತ್ತೆ, ಕುಡಿದು ಓಡಿಸೋಕೂ ಆಗಲ್ಲ. ನನ್ನ ಕೇಳಿದ್ರೆ ಜೈಲಿಗಿಂತ ಇದು ವಾಸಿ.

ಮೂರನೆಯಬೆಂಚು
ಬೇರೆ ಪ್ರಶ್ನೆ. ಕುಡಿದ ಮೇಲೆ ಕಾರಲ್ಲೇ, ಹಿಂದಿನ ಸೀಟಲ್ಲಿ ಮಲಗಿದ್ರೆ? ಓಡಿಸ್ಲಿಲ್ವಲ್ಲ.

ಕರಿಕೋಟು
ಯಾವ ದೇಶ ಅನ್ನೋದರ ಮೇಲೆ. ಇಲ್ಲಿನ 185ಕ್ಕೆ ಓಡಿಸಿರಬೇಕು ಅಥವಾ ಓಡಿಸಲು ಯತ್ನಿಸಿರಬೇಕು. ಇಂಗ್ಲೆಂಡಿನಲ್ಲಿ ಗಾಡಿ ನಿಮ್ಮ 'ಸುಪರ್ದಿನಲ್ಲಿದ್ದರೆ' ಸಾಕು, ಅದೇ ಬೇರೆ ಅಪರಾಧ. ಅಮಲು ಇಳಿಯೋವರೆಗೆ ಓಡಿಸೋ ಸಂಭವವೇ ಇರಲಿಲ್ಲ ಅಂತ ನೀವೇ ಸಾಬೀತು ಮಾಡಬೇಕು. ಅಮೆರಿಕದ ಹಲವು ರಾಜ್ಯಗಳಲ್ಲೂ ಕೀ ಕೈಗೆಟುಕುವ ಹಾಗಿದ್ದು ಡ್ರೈವರ್ ಸೀಟಿನಲ್ಲಿ ಮಲಗಿದವರಿಗೆ ಶಿಕ್ಷೆಯಾಗಿದೆ. ಇಲ್ಲೂ ಎಂಜಿನ್ ಆನ್ ಮಾಡಿ ಎಸಿ ಹಾಕ್ಕೊಂಡು ಸ್ಟೇರಿಂಗ್ ಮುಂದೆ ಮಲಗಿದರೆ 'ಯತ್ನ' ಅಂತ ವಾದಿಸೋಕೆ ಎದುರು ವಕೀಲರಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ.

ನಡುರಾತ್ರಿಪಾಳಿ
ಎರಡು ದಿನದಿಂದ ಓದ್ತಾ ಇದೀನಿ, ಬರೆಯೋದೋ ಬೇಡವೋ ಅಂತಿದ್ದೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್ ನಾನು. ನಮ್ಮಲ್ಲಿಗೆ ಬರೋರಲ್ಲಿ ಮೂರು ಪೆಗ್ ಕುಡಿದವರು ಇದುವರೆಗೂ ಒಬ್ಬರೂ ಇಲ್ಲ. ಎಲ್ಲರೂ ಎರಡೇ.

ಹೆಡ್‌ಲೈಟು ಅವರೇ, ನಿಮ್ಮ ಹಾಗೇ ರಾತ್ರಿ ಮಲಗಿ ಎದ್ದು ಬಂದವರೊಬ್ಬರನ್ನ ನೋಡಿದೀನಿ. ಬೈಕು. ಬೆಳಗ್ಗೆ ಆರೂವರೆ ಇರಬಹುದು. ವಾಕಿಂಗ್ ಹೋಗಿದ್ದ ವಯಸ್ಸಾದವರಿಗೆ ಗುದ್ದಿದ್ರು. ಇಬ್ಬರೂ ಪಕ್ಕಪಕ್ಕದ ಬೆಡ್‌ನಲ್ಲೇ ಇದ್ರು, ಮಧ್ಯೆ ಒಂದು ಪರದೆ. ಆ ಹುಡುಗ ಕೆಟ್ಟವನಲ್ಲ. ರಕ್ತ ತೆಗೆಯುವಾಗ "ಸಿಸ್ಟರ್, ರಾತ್ರಿ ಅಲ್ಲೇ ಮಲಗಿದ್ದೆ, ಸರಿಯಾಗಿಯೇ ಇದ್ದೆ" ಅಂತ ಹೇಳ್ತಾನೇ ಇದ್ದ. ಸುಳ್ಳು ಹೇಳ್ತಿರಲಿಲ್ಲ, ಅವನಿಗೆ ನಿಜವಾಗಲೂ ಹಾಗೇ ಅನಿಸಿತ್ತು. ಪರದೆ ಆ ಕಡೆ ಹೆಂಡತಿಗೆ ಫೋನ್ ಮಾಡೋಕೆ ಆ ಅಜ್ಜನ ಜೇಬಲ್ಲಿ ನಂಬರ್ ಹುಡುಕ್ತಿದ್ವಿ. ಹತ್ತು ಗಂಟೆಗೆ ತೀರಿಕೊಂಡ್ರು.

ಯಾವ ಕಲಂ, ಎಷ್ಟು ವರ್ಷ ನನಗೆ ಗೊತ್ತಿಲ್ಲ. ನಿಮ್ಮ ಮೊದಲ ಪೋಸ್ಟ್‌ನಲ್ಲಿ "ಕೈಕಾಲು ಸರಿಯಾಗೇ ಇತ್ತು" ಅಂತ ಓದಿದಾಗ ಆ ಹುಡುಗನ ದನಿಯೇ ಕೇಳಿಸ್ತು, ಅದಕ್ಕೆ ಬರೆದೆ.

ಹೆಡ್‌ಲೈಟು
ಏನು ಹೇಳಬೇಕೋ ಗೊತ್ತಾಗ್ತಿಲ್ಲ ಸಿಸ್ಟರ್.

ಕರಿಕೋಟು
ಸಿಸ್ಟರ್ ಕೇಳದಿದ್ದರೂ ಕಲಂ ಹೇಳಿಬಿಡ್ತೀನಿ, ಬೇರೆಯವರಿಗಾದರೂ ಬೇಕಾಗಬಹುದು. ಸಾವಾದರೆ 185 ಚಿಕ್ಕದಾಗಿಬಿಡುತ್ತೆ. 2024ರ ಜುಲೈವರೆಗೆ ನಿರ್ಲಕ್ಷ್ಯದ ಸಾವು ಅಂದರೆ ಐಪಿಸಿ 304ಎ, ಹೆಚ್ಚೆಂದರೆ ಎರಡು ವರ್ಷ. ಈಗ ಭಾರತೀಯ ನ್ಯಾಯ ಸಂಹಿತೆಯ 106, ಐದು ವರ್ಷದವರೆಗೆ. ಕುಡಿದವನಿಗೆ ತನ್ನ ಓಡಾಟದಿಂದ ಸಾವಾಗಬಹುದು ಅನ್ನೋ ಅರಿವಿತ್ತು ಅಂತ ಕೋರ್ಟಿಗೆ ಮನವರಿಕೆಯಾದರೆ ಅದು ನಿರ್ಲಕ್ಷ್ಯವಾಗಿ ಉಳಿಯಲ್ಲ, ಕೊಲೆಯಲ್ಲದ ಮಾನವ ಹತ್ಯೆ ಆಗುತ್ತೆ, ಹತ್ತು ವರ್ಷದವರೆಗೆ. 2006ರಲ್ಲಿ ಮುಂಬೈಯಲ್ಲಿ ಫುಟ್‌ಪಾತಿನ ಮೇಲೆ ಮಲಗಿದ್ದ ಏಳು ಜನ ಸತ್ತ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಹೀಗೆಯೇ ತೀರ್ಮಾನಿಸಿತು. ಆದರೂ ಹೈಕೋರ್ಟು ಕೊಟ್ಟಿದ್ದ ಮೂರೇ ವರ್ಷದ ಶಿಕ್ಷೆ ಉಳಿಯಿತು, ಆ ಬಗ್ಗೆ ನನಗೆ ಇವತ್ತಿಗೂ ಸಮಾಧಾನ ಇಲ್ಲ.

ಇನ್ಶೂರೆನ್ಸಿನವರೂ ಕೈ ಎತ್ತುತ್ತಾರೆ. ನಿಮ್ಮ ಗಾಡಿಯ ರಿಪೇರಿಗೆ ಬಿಡಿಗಾಸೂ ಸಿಗಲ್ಲ. ಊದಿಸಿದ ದಾಖಲೆ ಇಲ್ಲದಿದ್ದರೂ ಕುಡಿದಿದ್ದ ಅಂತ ಬೇರೆ ಸಾಕ್ಷ್ಯದಿಂದ ತೋರಿಸಬಹುದು ಅಂತ 2021ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ನೇರನುಡಿ
ಏಳು ಜನಕ್ಕೆ ಮೂರು ವರ್ಷ. ನಾನು ಹೇಳಿದ್ದು ಇದಕ್ಕೇ.

ಹಳೆಲೆಕ್ಕ
ಆ ಮಾತಿಗೆ ನನ್ನ ತಕರಾರಿಲ್ಲ ನೇರನುಡಿಯವರೇ. ಸತ್ತ ಮೇಲಿನ ಲೆಕ್ಕ ಬೇರೆ. ನಾನು ಆಡಿದ್ದು ಸಾಯದಂತೆ ತಡೆಯುವ ಲೆಕ್ಕ.

ಹೆಡ್‌ಲೈಟು
ಎಲ್ಲರಿಗೂ ಒಂದು ಅಪ್‌ಡೇಟ್. ನಾಳೆ ಕೋರ್ಟು. ಕ್ಯಾಲಿಬ್ರೇಶನ್ ಪತ್ರ ಕೇಳೋದು ಬಿಟ್ಟೆ. ತಪ್ಪೊಪ್ಪಿಕೊಂಡು ದಂಡ ಕಟ್ತೀನಿ. ಆರು ತಿಂಗಳು ಡಿಎಲ್ ಹೋಗುತ್ತೆ ಅಂತ ಆಫೀಸಲ್ಲಿ ಹೇಳಿ ಆಯ್ತು. ಯಾಕೆ ಅಂತ ಕೇಳಿದ್ರು, ಹೇಳಿದೆ. ಇಬ್ಬರು ನಕ್ರು. ಮೂರನೆಯವನು ಪಕ್ಕಕ್ಕೆ ಕರೆದು "ಹಾಗಾದ್ರೆ ಬೆಳಗ್ಗೆ ಎಷ್ಟು ಹೊತ್ತಿಗೆ ತೆಗೀಬಹುದು?" ಅಂತ ಕೇಳಿದ. ಮೇಷ್ಟ್ರ ಲೆಕ್ಕ ಕೊಡಲಿಲ್ಲ ಅಕ್ಕ, ನಿಮ್ಮ 123 ಹೇಳಿದೆ.

ಕರಿಕೋಟು
ಹತ್ತೂವರೆಗೆ ಕೂಗ್ತಾರೆ ಅಂತಿಟ್ಕೊಳ್ಳಿ, ಹತ್ತಕ್ಕೇ ಅಲ್ಲಿರಿ. ಆ ಚೀಟಿ, ಗುರುತಿನ ಚೀಟಿ, ಗಾಡಿ ದಾಖಲೆ ಎಲ್ಲದರ ಮೂಲ ಪ್ರತಿ ಇರಲಿ. ತಪ್ಪೊಪ್ಪಿಕೊಳ್ಳೋದಕ್ಕೆ ಮುಂಚೆ ಅಲ್ಲೇ ಯಾರಾದರೂ ವಕೀಲರ ಹತ್ತಿರ ಎರಡು ನಿಮಿಷ ಮಾತಾಡಿ, ನಾನು ಇಲ್ಲಿ ಬರೆದಿದ್ದನ್ನೇ ನೆಚ್ಚಿಕೊಂಡು ಹೋಗಬೇಡಿ. ಮತ್ತೆ ಹೇಗೆ ಹೋಗ್ತೀರಿ?

ಹೆಡ್‌ಲೈಟು
ಬಸ್ಸಲ್ಲಿ ಸರ್.

ಹತ್ತುಗಾಲಿ
ಕಿಟಕಿ ಪಕ್ಕ ಸೀಟು ಹಿಡ್ಕೊಳ್ಳಿ ಅಣ್ಣ, ಆರು ತಿಂಗಳು ಐತೆ.